ತಪಾಸಣೆಗೆ ಬೆನ್ನುಹತ್ತಿದ ಚಿಗವ್ವ

ಅಧಿಕಾರಿಗಳನ್ನು ಕಂಡು ಜನ ಓಡುವುದನ್ನು ನೀವು ನೋಡಿರಬಹುದು. ಜನರನ್ನು ಕಂಡು ಅಧಿಕಾರಿಗಳು ಓಡುವುದನ್ನು ನೋಡಿದ್ದೀರಾ? ನಾನು ನೋಡಿದ್ದೇನೆ! ಈ ಬೇಸಿಗೆಯಲ್ಲಿ ಬೇರೆಬೇರೆ ಇಲಾಖೆಯ ನಾಲ್ಕು ಜನ, ಮುಂಬಾಗಿಲಲ್ಲಿ ನಮ್ಮ ಚಿಗವ್ವ ಕಾಣಿಸಿದ ಕೂಡಲೇ ಹಿಂಬಾಗಿಲಿನಿಂದ ಚಹಾ ಕುಡಿಯಲು ಹೊರಟುಹೋದರು. ಚಿಗವ್ವ ಚಹಾದಂಗಡಿಗೂ ಹೋದಳು. ಆಕೆ ಯಾರ ಮೇಲೂ ದೂರು ಕೊಡಲು ಬಂದವಳಲ್ಲ, ವಶೀಲಿಬಾಜಿಗೂ ಬಂದವಳಲ್ಲ. ಆಕೆಯ ಬೇಡಿಕೆ ಒಂದೇ ಒಂದು: ಬಂದು ನನ್ನ ತಪಾಸಣೆ ಮಾಡಿರಿ, ತಪ್ಪಿದ್ದರೆ ಬರೆದುಕೊಡಿರಿ. ಇಂಥ ಬೇಡಿಕೆಯನ್ನು ಎದುರಿಸುವ ತರಬೇತಿ ಯಾವ ಇಲಾಖೆಯಲ್ಲಿದೆ ಹೇಳಿ?

ಚಿಗವ್ವ ಎಂದರೆ ನಮ್ಮ ಅವ್ವನ ತಂಗಿ. ಶಿಗ್ಗಾವಿಯ ಕಡೆ ಹುಡುಗಿಯರ ಹಾಸ್ಟೆಲ್ಲಿನಲ್ಲಿ ಮೂವತ್ತು ವರ್ಷ ಮೇಲ್ವಿಚಾರಕಿಯಾಗಿದ್ದು ನಿವೃತ್ತಳಾದವಳು. ಮದುವೆಯಾಗಲಿಲ್ಲ, ಆಗಲು ರಜೆ ಸಿಗಲಿಲ್ಲ ಎನ್ನುತ್ತಾಳೆ. ನಿವೃತ್ತಿಯಾದ ಮೇಲೆ ಕೆಲಸ ಬಿಟ್ಟಿತು, ಚಾಳಿ ಬಿಡಲಿಲ್ಲ. ಎಲ್ಲಿ ಹೋದರೂ ಮೊದಲು ತಲೆ ಎಣಿಸುತ್ತಾಳೆ, ಆಮೇಲೆ ಹೊರಗೆ ಹೋಗುವ ಬಾಗಿಲು ಎಷ್ಟಿವೆ ನೋಡುತ್ತಾಳೆ. ನಮ್ಮ ಅಣ್ಣನ ಮಗಳ ತೊಟ್ಟಿಲ ಕಾರ್ಯಕ್ರಮದಲ್ಲಿ ಎಲ್ಲರೂ ಕೂಸಿಗೆ ಹೆಸರು ಹುಡುಕುತ್ತಿದ್ದರೆ, ಈಕೆ ತೊಟ್ಟಿಲ ಸರಪಳಿ ಜಗ್ಗಿ ಜಗ್ಗಿ ನೋಡುತ್ತಿದ್ದಳು.

ಒಮ್ಮೆ ಅಕ್ಕಿಆಲೂರಿನಿಂದ ಹಾನಗಲ್ಲಿಗೆ ಇಬ್ಬರೂ ಬಸ್ಸಿನಲ್ಲಿ ಬಂದೆವು. ಸಂತೆಯ ದಿನ, ಕಾಲಿಡಲು ಜಾಗವಿಲ್ಲ. ಹತ್ತುವಾಗ ಅರವತ್ತೊಂದು ತಲೆ, ಇಳಿಯುವಾಗ ಅರವತ್ತು. ನಡುವೆ ಯಾರೂ ಇಳಿದಿಲ್ಲ. ಒಬ್ಬರು ಕಡಿಮೆ ಬಿದ್ದಿದ್ದಾರೆಂದು ಚಿಗವ್ವ ಡ್ರೈವರನನ್ನು ಕೆಳಗಿಳಿಯಲು ಬಿಡಲಿಲ್ಲ! ಕಂಡಕ್ಟರ್ ಕೈಮುಗಿದ. ನಾನು ಆಕೆ ಯಾರೋ ಗೊತ್ತೇ ಇಲ್ಲದವಳಂತೆ ಬೋರ್ಡು ಓದುತ್ತ ನಿಂತೆ. ಕೊನೆಗೆ ಹಿಂದಿನ ಸೀಟಿನ ಅಕ್ಕಿಚೀಲಗಳ ಸಂದಿಯಲ್ಲಿ ಅಜ್ಜನೊಬ್ಬ ಗೊರಕೆ ಹೊಡೆಯುತ್ತಿರುವುದು ಸಿಕ್ಕಿತು. ಎಬ್ಬಿಸಿದರೆ ಆತ ಎರಡು ಊರು ಹಿಂದೆಯೇ ಇಳಿಯಬೇಕಿತ್ತು. ಮೊದಲೇ ಯಾಕೆ ಎಣಿಸಲಿಲ್ಲ ಎಂದು ಚಿಗವ್ವನ ಮೇಲೆಯೇ ರೇಗಿದ.

ಈ ಚಿಗವ್ವ ಈ ವರ್ಷ ಒಂದು ಬೇಸಿಗೆ ಶಿಬಿರ ಮಾಡುತ್ತೇನೆಂದು ಹೊರಟಳು. ಎಸ್ಸೆಸ್ಸೆಲ್ಸಿ, ಪಿಯುಸಿ ಮುಗಿಸಿದ ಇಪ್ಪತ್ತೆರಡು ಹುಡುಗಿಯರು. ಯುಗಾದಿಯಾದ ವಾರ ಶುರು, ಕಾಲೇಜು ತೆರೆಯುವ ದಿನ ಮುಕ್ತಾಯ. ಕಂಪ್ಯೂಟರ್, ಇಂಗ್ಲಿಷ್, ಸೈಕಲ್. ವಸತಿ, ಊಟ ಅಲ್ಲೇ. ಇಷ್ಟು ದೀರ್ಘ ಶಿಬಿರ ಯಾರು ಮಾಡುತ್ತಾರೆ ಎಂದು ನಾನು ನಕ್ಕೆ. ಆಕೆ ನಗಲಿಲ್ಲ.

ಹಾಸ್ಟೆಲ್ಲಿನಲ್ಲಿ ಪ್ರತಿ ವರ್ಷ ಬೇಸಿಗೆ ರಜೆಗೆ ಹುಡುಗಿಯರನ್ನು ಊರಿಗೆ ಕಳಿಸುತ್ತಿದ್ದಳಂತೆ. ಜೂನ್‌ನಲ್ಲಿ ಹಾಜರಿ ಕರೆದರೆ ನಾಲ್ಕೈದು ಹೆಸರಿಗೆ ಉತ್ತರವಿಲ್ಲ. ವಿಚಾರಿಸಿದರೆ ಬಸವ ಜಯಂತಿಗೆ ಲಗ್ನ ಆಯಿತು, ಮೇ ತಿಂಗಳಲ್ಲಿ ಗಂಡಿನ ಕಡೆಯವರು ಅವಸರ ಮಾಡಿದರು, ಇಂಥವೇ ಉತ್ತರ. ಹದಿನೆಂಟು ತುಂಬದವರ ಲಗ್ನಗಳನ್ನು ಆಕೆ ಅಧಿಕಾರಿಗಳನ್ನು ಕರೆದೊಯ್ದು ನಿಲ್ಲಿಸಿದ್ದಾಳೆ. ತುಂಬಿದವರ ಲಗ್ನಕ್ಕೆ ಯಾರನ್ನು ಕರೆಯುವುದು? ಅದಕ್ಕೇ ಈ ಶಿಬಿರ. ಲಗ್ನದ ಹಂಗಾಮು ದಾಟುವವರೆಗೆ ಹುಡುಗಿಯರು ತನ್ನ ಹತ್ತಿರ ಇರಬೇಕು, ಜೂನ್‌ನಲ್ಲಿ ನೇರ ಕಾಲೇಜಿಗೆ ಹೋಗಬೇಕು. ಕಂಪ್ಯೂಟರ್ ಅಂದರೆ ಅಪ್ಪಂದಿರು ಒಪ್ಪುತ್ತಾರೆ. ಒಪ್ಪಿದರು ಕೂಡ. ಅಕ್ಕಿಆಲೂರಿನಲ್ಲಿ ನಿಂತುಹೋದ ಅಕ್ಕಿ ಗಿರಣಿಯೊಂದರ ಮಾಲೀಕರು ದೊಡ್ಡ ಶೆಡ್ಡು ಬಿಟ್ಟುಕೊಟ್ಟರು. ಶಿಬಿರ ಶುರುವಾಗಲು ಇನ್ನೇನು ಬೇಕಿತ್ತು?

ಚಿಗವ್ವನ ಪ್ರಕಾರ ಹದಿನಾಲ್ಕು ಕಾಗದ ಬೇಕಿತ್ತು.

ಹಾನಗಲ್ಲಿನಲ್ಲಿ ನನ್ನದೊಂದು ಝೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ. ಹೀಗಾಗಿ ನನ್ನ ಗ್ರಹಚಾರ ಅಲ್ಲಿಂದಲೇ ಶುರುವಾಯಿತು. ಗ್ರಾಮ ಪಂಚಾಯಿತಿಗೆ ಅರ್ಜಿ, ಠಾಣೆಗೆ ಅರ್ಜಿ, ಅಗ್ನಿಶಾಮಕಕ್ಕೆ, ಆರೋಗ್ಯಕ್ಕೆ, ಶಿಕ್ಷಣಕ್ಕೆ, ಮಹಿಳೆ ಮತ್ತು ಮಕ್ಕಳಿಗೆ. ಪಂಚಾಯಿತಿಯವರು ಅಂಗಡಿಗೆ, ಗಿರಣಿಗೆ ಪರವಾನಗಿ ಕೊಡುತ್ತೇವೆ, ಶಿಬಿರ ನಮ್ಮ ಯಾದಿಯಲ್ಲಿಲ್ಲ ಎಂದರು. ಶಿಕ್ಷಣದವರು ರಜೆಯಲ್ಲಿ ಮಕ್ಕಳು ನಮ್ಮವರಲ್ಲ ಎಂದರು. ಠಾಣೆಯಲ್ಲಿ ಗಲಾಟೆಯಾದರೆ ಹೇಳಿರಿ ಎಂದರು. ಗಲಾಟೆಯಾಗಬಾರದೆಂದೇ ಬಂದಿದ್ದೇನೆ ಎಂದು ಈಕೆ ಅಲ್ಲಿಯೇ ಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕುಳಿತಳು. ಒಂದು ಕಚೇರಿಯಲ್ಲಂತೂ ಬೆಂಕಿ ಆರಿಸುವ ಕೆಂಪು ಡಬ್ಬಿಗಳ ಬಗ್ಗೆ ಉಪದೇಶ ಕೇಳುತ್ತ ಕೇಳುತ್ತ, ಅವರದೇ ಗೋಡೆಗೆ ತೂಗುಹಾಕಿದ ಡಬ್ಬಿಯ ಅವಧಿ ಮುಗಿದದ್ದನ್ನು ಓದಿ ಹೇಳಿದಳು. ಯಾವ ಊರಿನ ಯಾವ ಕಚೇರಿ ಎಂದು ಹೇಳುವುದಿಲ್ಲ. ನಾಳೆ ನನಗೂ ಅಲ್ಲಿ ಕೆಲಸ ಬೀಳುತ್ತದೆ.

ಅಡುಗೆಗೆ ಹತ್ತಿಮತ್ತೂರಿನ ಒಬ್ಬ ಅಕ್ಕನನ್ನು ಗೊತ್ತುಮಾಡಿದ್ದಳು. ಸುತ್ತಿನ ಊರುಗಳ ಲಗ್ನಗಳಿಗೆಲ್ಲ ಆಕೆಯದೇ ಅಡುಗೆ. ಚಿಗವ್ವ ಆಕೆಗೆ ಆಸ್ಪತ್ರೆಗೆ ಹೋಗಿ ರಕ್ತ, ಕಫ, ಮಲ ಎಲ್ಲ ತಪಾಸು ಮಾಡಿಸಿ ಪ್ರಮಾಣಪತ್ರ ತರಲು ಹೇಳಿದಳು. ಆ ಅಕ್ಕ ಸೌಟು ಕೆಳಗಿಟ್ಟು ಸೊಂಟಕ್ಕೆ ಕೈಯಿಟ್ಟಳು.

“ಸಾವಿರಗಟ್ಟಲೆ ಮಂದಿಗೆ ಉಣಿಸೇನ್ರಿ. ಎಲ್ಲಾರೂ ತಮ್ಮ ಹೊಟ್ಟಿ ವಿಚಾರ ಮಾಡ್ಯಾರ. ನನ್ನ ಹೊಟ್ಟಿ ವಿಚಾರ ಮಾಡಿದಾಕಿ ನೀವೊಬ್ಬರ ನೋಡ್ರಿ.”

ಆದರೂ ಹೋಗಿ ತಂದಳು. ಚಿಗವ್ವ ಅದನ್ನು ಕನ್ನಡಕ ಏರಿಸಿ ಓದಿ, ಮೊಹರು ಮಸುಕಾಗಿದೆಯೆಂದು ಮತ್ತೊಮ್ಮೆ ಕಳಿಸಿದಳು.

ಹುಡುಗಿಯರ ಅರ್ಜಿಯದು ಇನ್ನೊಂದು ಕಥೆ. ನಾಲ್ಕು ಪುಟ, ಐವತ್ತು ಪ್ರಶ್ನೆ! ಏನು ಉಂಡರೆ ಮೈಗಾಗುವುದಿಲ್ಲ, ನಿದ್ದೆಯಲ್ಲಿ ಕನವರಿಸುತ್ತೀಯಾ, ಯಾವುದಕ್ಕೆ ಹೆದರುತ್ತೀ, ಮನಸ್ಸಿಗೆ ಬೇಜಾರಾದರೆ ಯಾರ ಹತ್ತಿರ ಹೇಳುತ್ತೀ, ಮುಂದೆ ಏನು ಓದಬೇಕೆಂದಿದ್ದೀ. ಇಷ್ಟು ಪ್ರಶ್ನೆ ಪಾಸ್‌ಪೋರ್ಟಿಗೂ ಇಲ್ಲ, ಇದು ಶಿಬಿರವೋ ಜನಗಣತಿಯೋ ಎಂದು ನಾನು ಹಲ್ಲು ಕಡಿಯುತ್ತ ಟೈಪು ಮಾಡಿದೆ.

ಹೀಗೆ ಬೆಂಚು ಕಾದು ಕಾದು ಹದಿಮೂರು ಕಾಗದ ಬಂದವು. ಯುಗಾದಿ ಬಂದು ಹೋಯಿತು. ಉಳಿದದ್ದು ಒಂದೇ: ಯಾರಾದರೂ ಅಧಿಕಾರಿ ಬಂದು ಶೆಡ್ಡು ನೋಡಿ, ಇಲ್ಲಿ ವಸತಿ ಶಿಬಿರ ನಡೆಸಲು ಅಡ್ಡಿಯಿಲ್ಲ ಎಂದು ಬರೆದುಕೊಡಬೇಕು. ಅದು ಯಾವ ಇಲಾಖೆಯ ಕೆಲಸವೆಂದು ಯಾವ ಇಲಾಖೆಗೂ ತಿಳಿದಿರಲಿಲ್ಲ. ಕೊನೆಗೆ ಒಬ್ಬ ಸಾಹೇಬರು, ಈಕೆಯ ಕಾಟ ತಾಳಲಾರದೆ, ಸೋಮವಾರ ಬರುತ್ತೇನೆಂದರು. ಸೋಮವಾರ ಬಂತು, ಸಾಹೇಬರು ಬರಲಿಲ್ಲ. ಮುಂದಿನ ಸೋಮವಾರ ಅವರಿಗೆ ಸಭೆ. ಅದರ ಮುಂದಿನದು ಜಯಂತಿ. ಪ್ರತಿ ಸೋಮವಾರ ಚಿಗವ್ವ ಶೆಡ್ಡು ಗುಡಿಸಿ, ಬಾಗಿಲ ದಾರಿ ತೋರಿಸುವ ಬಾಣದ ಗುರುತುಗಳ ಧೂಳು ಒರೆಸಿ, ಇಸ್ತ್ರಿ ಮಾಡಿದ ಸೀರೆಯುಟ್ಟು ಗೇಟಿನಲ್ಲಿ ನಿಲ್ಲುತ್ತಿದ್ದಳು.

ನಾಲ್ಕನೆಯ ಸೋಮವಾರ ಸವಣೂರು ರಸ್ತೆಯಲ್ಲಿ ಅವರ ಜೀಪು ಕಂಡಿತು. ಚಿಗವ್ವ ನನ್ನ ಸ್ಕೂಟರಿನ ಹಿಂದೆ ಕುಳಿತು, ಹೆಲ್ಮೆಟ್ಟಿನ ಪಟ್ಟಿ ಬಿಗಿ ಮಾಡಿಕೊಂಡು, ಬೆನ್ನುಹತ್ತು ಎಂದಳು. ಬೆನ್ನುಹತ್ತಿದೆ! ಆದರೆ ನಲವತ್ತರ ಮೇಲೆ ಹೋದರೆ ಬೆನ್ನಿಗೆ ಗುದ್ದುತ್ತಿದ್ದಳು. ಜೀಪನ್ನು ನಲವತ್ತರಲ್ಲಿ ಹಿಡಿಯುವುದು ಹೇಗೆ? ರೈಲ್ವೆ ಗೇಟು ಹಾಕಿತ್ತೆಂದು ಸಿಕ್ಕರು.

ಸಾಹೇಬರು ಕೆಟ್ಟವರಲ್ಲ. ಕೆಳಗಿಳಿದು, ದನಿ ತಗ್ಗಿಸಿ ಹೇಳಿದರು:

“ಅಕ್ಕಾರ, ಸುಮ್ನ ಶುರು ಮಾಡ್ರಿ. ಇಲ್ಲೆ ಯಾರು ಇಂಥಾ ಕಾಗದ ಕೇಳ್ತಾರ?”

“ಹುಡುಗ್ಯಾರ ಅಪ್ಪಂದಿರು ಕೇಳ್ತಾರ್ರಿ,” ಎಂದಳು ಚಿಗವ್ವ. “ಹಿಂದ ಹಾಸ್ಟೆಲ್‌ನ್ಯಾಗ ಒಂದು ಹುಡುಗಿಗೆ ಚೇಳು ಕಡೀತು. ಎರಡು ದಿನಕ್ಕ ಆರಾಮಾತು. ಆದ್ರ ಅವರ ಊರವರು ಬಂದು ತಮ್ಮೂರಿನ ಏಳೂ ಹುಡುಗ್ಯಾರನ್ನ ಕರ್ಕೊಂಡು ಹೋದ್ರು. ಒಬ್ಬಾಕಿನೂ ತಿರುಗಿ ಬರಲಿಲ್ಲ. ಅವರಿಗೆ ಒಂದು ನೆವ ಸಾಕ್ರಿ. ನಾ ನೆವ ಕೊಡಂಗಿಲ್ಲ.”

ಸಾಹೇಬರು ಬರುವ ಸೋಮವಾರ ಖಂಡಿತ ಎಂದರು. ಗೇಟು ತೆರೆಯಿತು.

ಈ ನಡುವೆ ಒಬ್ಬ ಹುಡುಗಿ ನನ್ನ ಅಂಗಡಿಗೆ ಬರುತ್ತಿದ್ದಳು. ಹಿರೇಕೆರೂರಿನ ಆಚೆ, ರಟ್ಟೀಹಳ್ಳಿ ಹತ್ತಿರದ ಹಳ್ಳಿಯವಳು. ಎರಡನೆಯ ಪಿಯುಸಿ ಮುಗಿಸಿದ್ದಳು, ನರ್ಸಿಂಗ್ ಓದಬೇಕೆಂದಿದ್ದಳು. ಬಸ್ಸು ಬದಲಿಸಿಕೊಂಡು ಬಂದು, ಶಿಬಿರ ಯಾವಾಗ ಎಂದು ಕೇಳುತ್ತಿದ್ದಳು. ಬರುವ ಸೋಮವಾರ ಎಂದು ನಾನು ಹೇಳುತ್ತಿದ್ದೆ. ಮೂರನೆಯ ಸಲ ಬಂದಾಗ ಚಿಗವ್ವ ಅಂಗಡಿಯಲ್ಲೇ ಇದ್ದಳು. ಹುಡುಗಿ ತುಂಬಿದ ಅರ್ಜಿ ಕೊಟ್ಟು, ಮನೆಯಲ್ಲಿ ಮಾತುಕತೆ ನಡೆದಿದೆ, ತಾನು ಇವತ್ತೇ ಗಿರಣಿಗೆ ಬಂದು ಇರಲೇ ಎಂದು ನೆಲ ನೋಡುತ್ತ ಕೇಳಿದಳು. ಚೀಲದಲ್ಲಿ ಬಟ್ಟೆ ತಂದಿದ್ದಳು.

ಚಿಗವ್ವ ಅರ್ಜಿ ಓದಿದಳು. ನಾಲ್ಕೂ ಪುಟ ಓದಿದಳು. ರಕ್ತದ ಗುಂಪಿನ ಜಾಗ ಖಾಲಿಯಿತ್ತು. ತಪಾಸು ಮಾಡಿಸಿಕೊಂಡು ಬಾ, ಅಷ್ಟರಲ್ಲಿ ಸಾಹೇಬರ ಕಾಗದವೂ ಬಂದಿರುತ್ತದೆ, ಆಗ ಯಾರೂ ಬೆರಳು ತೋರಿಸುವಂತಿರುವುದಿಲ್ಲ ಎಂದು ಸಮಾಧಾನ ಹೇಳಿ, ತಾನೇ ಬಸ್ಸಿಗೆ ಹತ್ತಿಸಿ ಬಂದಳು. ನನಗೆ ಒಂದು ಮಾತು ಆಡಬೇಕೆನಿಸಿತ್ತು. ಆಡಲಿಲ್ಲ. ಅಂಗಡಿಯಲ್ಲಿ ಗಿರಾಕಿಗಳಿದ್ದರು.

ಮತ್ತೆ ಎರಡು ಸೋಮವಾರ ಹೋದವು. ಕಾದು ಕಾದು ಬೇಸತ್ತ ಹತ್ತಿಮತ್ತೂರಿನ ಅಕ್ಕ ಲಗ್ನದ ಅಡುಗೆ ಹಿಡಿದಿದ್ದಳು. ಒಂದು ಮುಂಜಾನೆ ರಟ್ಟೀಹಳ್ಳಿಯ ಕಲ್ಯಾಣಮಂಟಪದಿಂದ ನನಗೆ ಫೋನು ಮಾಡಿದಳು. ಹಿಂದೆ ಪಾತ್ರೆಗಳ ಸದ್ದು. ಚಿಗವ್ವ ಕೇಳಲೆಂದು ಸ್ಪೀಕರಿಗೆ ಹಾಕಿದೆ.

“ಇಲ್ಲೆ ಮದುಮಗಳು ನಿಮ್ಮ ಯಾದಿಯಾಗಿನ ಹುಡುಗಿ ಅಂತ್ರಿ. ಗಿರಣಿ ಶಿಬಿರಕ್ಕ ಕಾದು ಸಾಕಾತು ಅಂತ ನಾ ಅಂದದ್ದು ಕೇಳಿ, ನೀವು ಶಿಬಿರದ ಅಡಗಿ ಅಕ್ಕಾರಲ್ಲ ಅಂತ ಕೇಳಿದ್ಳು. ಹದಿನೆಂಟು ತುಂಬಿ ಎಂಟು ದಿನ ಆಗ್ಯಾವಂತ.”

ಚಿಗವ್ವ ಸ್ಟೂಲಿನ ಮೇಲೆ ಕುಳಿತಳು. ಐವತ್ತು ಪ್ರಶ್ನೆ, ಹದಿನಾಲ್ಕು ಕಾಗದ, ಎರಡು ಬಾಗಿಲು, ಎರಡು ಕೆಂಪು ಡಬ್ಬಿ, ಇವೆಲ್ಲ ಹುಡುಗಿಯರನ್ನು ಎರಡು ತಿಂಗಳು ಇಟ್ಟುಕೊಳ್ಳಲು. ಜನ್ಮಪೂರ್ತಿ ಗಂಡನ ಮನೆಗೆ ಕಳಿಸಲು ಯಾವ ಸಾಹೇಬರೂ ಬಂದು ಅಡ್ಡಿಯಿಲ್ಲ ಎಂದು ಬರೆದುಕೊಡಬೇಕಾಗಿರಲಿಲ್ಲ. ಆ ಹೊತ್ತಿಗೆ ನನಗೆ ಯಾರ ಮೇಲೆ ಸಿಟ್ಟು ಬಂತೋ ಹೇಳಲಾರೆ. ಸಾಹೇಬರ ಮೇಲೆ ಬಂತು, ಆ ಅಪ್ಪನ ಮೇಲೆ ಬಂತು, ಎಲ್ಲಕ್ಕಿಂತ ಹೆಚ್ಚು ಚಿಗವ್ವನ ಕನ್ನಡಕದ ಮೇಲೆ ಬಂತು. ಬಾಯಿ ಬಿಟ್ಟರೆ ಏನಾದರೂ ಅಂದುಬಿಡುತ್ತಿದ್ದೆ. ಅಷ್ಟರಲ್ಲಿ ಆಕೆಯೇ ಎದ್ದಳು.

“ಉಳಿದ ಹುಡುಗ್ಯಾರ ಮನಿಗೆ ಫೋನ್ ಹಚ್ಚು. ನಾಳೆ ಶಿಬಿರ ಶುರು ಅಂತ ಹೇಳು.”

“ಕಾಗದ?”

“ಹಚ್ಚು ಅಂದ್ನೆಲ್ಲ.”

ಫೋನು ಮುಗಿಸಿ ರಟ್ಟೀಹಳ್ಳಿಗೆ ಹೊರಟೆವು. ದಾರಿಯಲ್ಲಿ ಎಪ್ಪತ್ತರಲ್ಲಿ ಹೊಡೆದೆ. ಬೆನ್ನಿಗೆ ಒಂದೂ ಗುದ್ದು ಬೀಳಲಿಲ್ಲ. ಆಕೆ ಹೆಲ್ಮೆಟ್ಟನ್ನೇ ಮರೆತು ಬಂದಿದ್ದಳು.

ನಾವು ಹೋಗುವಷ್ಟರಲ್ಲಿ ಅಕ್ಕಿಕಾಳು ಬಿದ್ದು ಲಗ್ನ ಮುಗಿದಿತ್ತು. ಜನ ಊಟದ ಪಂಕ್ತಿಗೆ ಓಡುತ್ತಿದ್ದರು. ವೇದಿಕೆಯ ಮೇಲೆ ಮದುಮಗ ಸ್ನೇಹಿತರ ಜೊತೆ ಫೋಟೊಕ್ಕೆ ನಿಂತಿದ್ದ. ಹುಡುಗಿ ಕುರ್ಚಿಯ ಮೇಲೆ ಒಬ್ಬಳೇ ಕುಳಿತಿದ್ದಳು. ವೇದಿಕೆ ಹತ್ತಿದ ಚಿಗವ್ವನನ್ನು ಕಂಡು ಎದ್ದು ಬಂದು ಕಾಲಿಗೆ ಬಾಗಿದಳು. ಚಿಗವ್ವ ಆಕೆಯ ಎರಡೂ ಭುಜ ಹಿಡಿದು ಎತ್ತಿದಳು. ತನ್ನ ಮೂವತ್ತು ವರ್ಷದ ಸರ್ವಿಸಿನಲ್ಲಿ ಯಾರ ಮುಂದೆಯೂ ಆಡದ ಮಾತನ್ನು ಆ ಹುಡುಗಿಯ ಮುಂದೆ ಆಡಿದಳು.

“ತಪ್ಪು ನಂದು, ಯವ್ವಾ. ಅವತ್ತ ನಿನ್ನ ಇಟ್ಕೋಬೇಕಾಗಿತ್ತು.”

ಹುಡುಗಿ ಬಾಸಿಂಗ ಸರಿಮಾಡಿಕೊಂಡು, ಫೋಟೊದವರ ಕಡೆ ಒಮ್ಮೆ ನೋಡಿ, ತಗ್ಗಿದ ದನಿಯಲ್ಲಿ ಹೇಳಿದಳು:

“ಹಂಗ ಅನಬ್ಯಾಡ್ರಿ ಅಕ್ಕಾರ. ನನಗ ಏನ ಬೇಕು, ಯಾವುದಕ್ಕ ಹೆದರಿಕಿ ಅಂತ ಕೇಳಿದ್ದು ನಿಮ್ಮ ಕಾಗದ ಒಂದ ರಿ. ಅದನ್ನ ತುಂಬೂ ಮುಂದ ನಾ ಒಂದು ದಿನಾ ಪೂರಾ ಕುಂತು ವಿಚಾರ ಮಾಡಿದ್ನಿ.”

ಅಷ್ಟರಲ್ಲಿ ಯಾರೋ ಆಕೆಯನ್ನು ಫೋಟೊಕ್ಕೆ ಕರೆದರು. ಆಕೆ ಹೋಗಿ ನಿಂತಳು. ಚಿಗವ್ವ ವೇದಿಕೆಯ ಮೇಲೆಯೇ, ನೂರಾರು ಜನರ ಎದುರಿಗೆ, ಸೆರಗು ಬಾಯಿಗೆ ಹಿಡಿದು ಅಳಲು ಶುರುಮಾಡಿದಳು. ನಾನು ಈ ಸಲ ಆಕೆ ಯಾರೋ ಗೊತ್ತಿಲ್ಲದವಳಂತೆ ನಿಲ್ಲಲಿಲ್ಲ. ಹತ್ತಿರ ಹೋಗಿ ಕೈ ಹಿಡಿದುಕೊಂಡೆ.