ಲೋಟ ತೊಳೆದು ಉಳಿಸಿದ ಗುಡ್ಡ

ಹೆಸ್ಟರ್ ಟೆನ್ ಐಕ್ ಪ್ರತಿದಿನ ಬೆಳಿಗ್ಗೆ ಒಂದೇ ಒಂದು ಕಾಫಿ ಲೋಟವನ್ನು ಹನ್ನೊಂದು ನಿಮಿಷ ತೊಳೆಯುತ್ತಿದ್ದರು. ಲೋಟ ಅಷ್ಟೇನೂ ಕೊಳೆಯಾಗಿರುತ್ತಿರಲಿಲ್ಲ. ಅಡುಗೆಮನೆಯ ಕಿಟಕಿಯಿಂದ ಹಡ್ಸನ್ ನದಿಯಾಚೆಯ ಗಿಡುಗನ ಗುಡ್ಡ ಕಾಣುತ್ತಿತ್ತು, ಅಷ್ಟೇ.

ಆ ಗುಡ್ಡದ ನೆತ್ತಿ ಕೊರೆದು, ಕೆರೆ ಮಾಡಿ, ವಿದ್ಯುತ್ ತೆಗೆಯಲು ಕಂಪನಿಯೊಂದು ಅರ್ಜಿ ಹಾಕಿತು. ಚರ್ಚಿನ ನೆಲಮಾಳಿಗೆಯಲ್ಲಿ ಅಹವಾಲು ಸಭೆ ಸೇರಿತು. ನಷ್ಟವಾಗುವವರು ಮಾತ್ರ ಮಾತಾಡಬಹುದೆಂದು ಆಯೋಗದ ಅಧಿಕಾರಿ ಲಂಡೀನ್ ಪ್ರಕಟಿಸಿದರು. ಹೆಸ್ಟರ್ ಎದ್ದು ನಿಂತರು.

"ಗುಡ್ಡ ನಿಮ್ಮದಾ, ಮೇಡಂ?"

"ಅಲ್ಲ."

"ಅಲ್ಲಿ ಮರಗಿರ ಕಡೀತೀರಾ?"

"ಇಲ್ಲಪ್ಪ. ಲೋಟ ತೊಳೀತಾ ದಿನಾ ಹನ್ನೊಂದು ನಿಮಿಷ ನೋಡ್ತೀನಿ."

ಕಂಪನಿಯ ವಕೀಲರು ನಕ್ಕರು. ಹಿಂದಿನ ಸಾಲಿನಿಂದ ಪಕ್ಕದ ಮನೆಯ ಮೀನುಗಾರ ಓರ್ವಿಲ್, "ನಗಿ ಸ್ವಾಮಿ, ನಗಿ. ನಿಮ್ಮ ಮುಖಾನ ಯಾರಾದ್ರೂ ಹನ್ನೊಂದು ನಿಮಿಷ ನೋಡಿದ್ದಾರಾ?" ಎಂದ.

ಮೊಕದ್ದಮೆ ಆರು ವರ್ಷ ನಡೆದು, ನೋಡುವುದೂ ಒಂದು ಹಿತಾಸಕ್ತಿಯೇ ಎಂದು ನ್ಯಾಯಾಲಯ ತೀರ್ಪಿತ್ತಿತು. ವಕೀಲರು ಅದನ್ನು ಲೋಟದ ತೀರ್ಪು ಎಂದೇ ಕರೆದರು. ಊರೂರಿನ ಜನ ತಮ್ಮ ತಮ್ಮ ಜೌಗು, ಮರ, ಕಪ್ಪೆಗಳನ್ನು ನೋಡುತ್ತಾ ಕುಳಿತರು.

ತೀರ್ಪು ಬಂದಮೇಲೆ ನಿಯಮಾವಳಿ ಬಾರದಿರುತ್ತದೆಯೇ? 'ನೋಂದಾಯಿತ ನೋಡುಗರು ಪ್ರತಿದಿನ ಬೆಳಿಗ್ಗೆ ಆರು ಹತ್ತಕ್ಕೆ ಅಧಿಕಾರಿಯ ಸಮಕ್ಷಮದಲ್ಲಿ ಗುಡ್ಡವನ್ನು ನೋಡತಕ್ಕದ್ದು. ಒಂದು ದಿನ ತಪ್ಪಿದರೂ ಹಿತಾಸಕ್ತಿ ರದ್ದಾಗಿ, ಕಂಪನಿಯು ಕಾಮಗಾರಿ ಆರಂಭಿಸಬಹುದು. ನೋಟವನ್ನು ಪರಭಾರೆ ಮಾಡುವಂತಿಲ್ಲ.'

ಅಂದಿನಿಂದ ಲಂಡೀನ್ ದಿನಾ ಬಂದು, ರಿಜಿಸ್ಟರ್ ಹಿಡಿದು ಅಡುಗೆಮನೆಯ ಕುರ್ಚಿಯಲ್ಲಿ ಕೂತರು. ಹೆಸ್ಟರ್ ಅವರಿಗೂ ಒಂದು ಮೊಟ್ಟೆ ಬೇಯಿಸತೊಡಗಿದರು. ಕಂಪನಿಯೂ ಸುಮ್ಮನಿರಲಿಲ್ಲ. ಸಂಬಳ ಕೊಟ್ಟು ಒಬ್ಬನನ್ನು ದೋಣಿಯಲ್ಲಿ ಕೂರಿಸಿತು. ಅವನು ದಿನಾ ಗುಡ್ಡ ನೋಡಿ, ಏನೂ ಸಂತೋಷವಾಗಲಿಲ್ಲವೆಂದು ಸಹಿ ಹಾಕುತ್ತಿದ್ದ. ಹೀಗೆ ಒಂಬತ್ತು ವರ್ಷ ಗುಡ್ಡ ನಿಂತೇ ಇತ್ತು. ಅದರ ಬುಡದಲ್ಲಿ ಅಗೆಯುವ ಯಂತ್ರಗಳೂ ನಿಂತೇ ಇದ್ದವು.

ಹತ್ತನೇ ವರ್ಷ ಹೆಸ್ಟರ್ ಕಣ್ಣಿಗೆ ಪೊರೆ ಬಂತು. ಆಪರೇಷನ್ ಆದಮೇಲೆ ನಾಲ್ಕು ದಿನ ಎರಡೂ ಕಣ್ಣಿಗೆ ಪಟ್ಟಿ ಎಂದರು ಡಾಕ್ಟರು.

"ನಾಲ್ಕು ದಿನ ತಾನೇ? ಬಿಡು ಹೆಸ್ಟರ್, ನಾನು ನೋಡ್ತೀನಿ," ಎಂದ ಓರ್ವಿಲ್. "ಲೋಟಾನೂ ತೊಳೀತೀನಿ."

"ನೀನು ತೊಳೆದ ಲೋಟದಲ್ಲಿ ಕಾಫಿ ಕುಡಿದ್ರೆ ಮೀನು ವಾಸನೆ ಬರುತ್ತೆ."

"ಪರಭಾರೆ ಆಗುತ್ತೆ," ಎಂದರು ಲಂಡೀನ್, ಬೇಸರದಿಂದಲೇ.

ಹೆಸ್ಟರ್ ಅರ್ಜಿ ಬರೆದರು; ಉತ್ತರ ಬಾರದೆ ಮರುವರ್ಷ ಮತ್ತೆ ಅದನ್ನೇ ಬರೆದರು: 'ಗುಡ್ಡವನ್ನು ನೋಡುವಂತಾಗಲು, ನಾಲ್ಕು ದಿನ ಗುಡ್ಡವನ್ನು ನೋಡದಿರಲು ಅನುಮತಿ ನೀಡಬೇಕೆಂದು ವಿನಂತಿ.'

ಲಂಡೀನ್ ಎರಡು ಸಲ ಓದಿ, ಮಡಚಿ, ರಿಜಿಸ್ಟರಿನೊಳಗಿಟ್ಟರು. ಕಳೆದ ವರ್ಷದ ಅರ್ಜಿಯೂ ಅಲ್ಲೇ ಇತ್ತು.

"ಆರು ಹತ್ತಾಯ್ತು, ಮೇಡಂ."

ಹೆಸ್ಟರ್ ನಲ್ಲಿ ತಿರುಗಿಸಿದರು. ಅವರ ಕಣ್ಣಿಗೆ ಕಿಟಕಿಯ ತುಂಬ ಬರೀ ಬೆಳ್ಳನೆಯ ಮಬ್ಬು.

"ಸ್ವಲ್ಪ ಎಡಕ್ಕೆ," ಎಂದರು ಲಂಡೀನ್.

ಹೆಸ್ಟರ್ ಸ್ವಲ್ಪ ಎಡಕ್ಕೆ ತಿರುಗಿ ಲೋಟ ತೊಳೆಯತೊಡಗಿದರು. "ಆ ಅರ್ಜಿಗೊಂದು ಉತ್ತರ ಕೊಡಿಸಪ್ಪ."

ಲಂಡೀನ್ 'ನೋಡಲಾಗಿದೆ' ಎಂದು ಬರೆದು, ಮೊಟ್ಟೆ ಸುಲಿಯತೊಡಗಿದರು.