ಫೇಲಾಗಲು ಹೊರಟ ತೊಲುಬಾಯ್

ತೊಂದರೆ ಶುರುವಾದದ್ದು ನರ್ಸ್ ಬುರುಲ್ಚಾಳ ಬಾಯಿಂದ. ಮಕ್ಕಳ ಡಾಕ್ಟರ್ ತೊಲುಬಾಯ್ ಬೆಳಗ್ಗೆ ಎಂಟು ಗಂಟೆಗೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಬೂಟಿನ ಕೆಸರು ಕೆರೆಯುತ್ತ ನಿಂತಿದ್ದಾಗ ಆಕೆ ಒಳಗಿನಿಂದ ಓಡಿಬಂದಳು. ಊರಿನಲ್ಲಿ ಎಲ್ಲರಿಗೂ ಆತ ದೊಡ್ಡಣ್ಣ, ಬಾಯ್ಕೆ.

"ಬಾಯ್ಕೆ, ಇವತ್ತಿನ ತರಬೇತೀಲಿ ಪಾಸಾದೋರ ಗತಿ ಗೊತ್ತಾ? ಪ್ರತಿ ಭಾನುವಾರ ಮಕ್ಕಳ ಕುಸ್ತಿ ಪಂದ್ಯಕ್ಕೆ ಹೋಗಿ ಕೂರ್ಬೇಕಂತೆ! ದೊಡ್ಡ ಡಾಕ್ಟ್ರು ಫೋನಲ್ಲಿ ಹೇಳ್ತಿದ್ರು."

"ಕದ್ದು ಕೇಳಿಸ್ಕೊಂಡ್ಯಾ?"

"ಬಾಗಿಲು ಒರೆಸ್ತಿದ್ದೆ. ಎರಡು ಕೈನೂ ಬಟ್ಟೇಲಿದ್ವು, ಕಿವೀನ ಯಾವುದ್ರಲ್ಲಿ ಮುಚ್ಕೊಳ್ಳಲಿ?"

ತೊಲುಬಾಯ್ ಇಪ್ಪತ್ತು ವರ್ಷದಿಂದ ವಾರಕ್ಕೆ ಆರು ದಿನ ಕೆಮ್ಮು, ಭೇದಿ, ಕಿವಿನೋವು ನೋಡಿಕೊಂಡು ಬಂದವನು. ಏಳನೆಯ ದಿನ ನಾರಿನ್ ನದಿಯ ಒಂದು ತಿರುವಿಗೆ ಗಾಳ ಹಿಡಿದು ಹೋಗುತ್ತಿದ್ದ. ಅಲ್ಲಿ ಫೋನ್ ಸಿಗುವುದಿಲ್ಲ. ಒಂಬತ್ತು ವರ್ಷದಲ್ಲಿ ಸಿಕ್ಕ ಮೀನು ಹನ್ನೊಂದು. ಅವನಿಗೆ ಅದರ ಬೇಸರವಿರಲಿಲ್ಲ. ಮೀನುಗಳು ಕೆಮ್ಮುತ್ತಿರಲಿಲ್ಲ, ಅಷ್ಟೇ ಸಾಕಿತ್ತು.

ಜಿಲ್ಲೆಯಲ್ಲಿ ಮಕ್ಕಳೆಲ್ಲ ಕುಸ್ತಿ, ಜೂಡೋ, ಫುಟ್‌ಬಾಲ್ ಎಂದು ಬಿದ್ದು ಏಳುತ್ತಿದ್ದರು. ಬಿದ್ದವರನ್ನು ಹೇಗೆ ನೋಡಬೇಕೆಂದು ಮಕ್ಕಳ ಡಾಕ್ಟರುಗಳಿಗೆ ಕಲಿಸಲು ರಾಜಧಾನಿಯಿಂದ ಕಾಲಿಪಾ ಎಂಬ ಹಿರಿಯ ವೈದ್ಯೆ ಬಂದಿದ್ದರು. ಎಲ್ಲರಿಗೂ ಆಕೆ ಅಕ್ಕ, ಎಜೆ. ಬೆಳಗ್ಗೆ ಪಾಠ, ಮಧ್ಯಾಹ್ನ ಪರೀಕ್ಷೆ. ತೊಲುಬಾಯ್ ಮೆಟ್ಟಿಲು ಹತ್ತುವಷ್ಟರಲ್ಲೇ ಫೇಲಾಗುವುದೆಂದು ನಿಶ್ಚಯಿಸಿಬಿಟ್ಟ.

ಆದರೆ ಫೇಲಾಗುವುದಕ್ಕೂ ಅಲ್ಲಿ ಭಾರಿ ಪೈಪೋಟಿ ಇತ್ತು. ಸುತ್ತಲ ಊರುಗಳಿಂದ ಬಂದಿದ್ದ ಐವರು ಡಾಕ್ಟರುಗಳಲ್ಲಿ ಒಬ್ಬಾಕೆ ನೋವೆಂದ ಕಾಲು ಬಿಟ್ಟು ನೆಟ್ಟಗಿದ್ದ ಕಾಲಿಗೆ ಪಟ್ಟಿ ಕಟ್ಟಿದಳು. ಕಾಲಿಪಾ, "ತಲೆಗೆ ಪೆಟ್ಟು ಬಿದ್ದ ಮಗು ತಲೆ ಸುತ್ತುತ್ತೆ ಅಂದ್ರೆ ಏನ್ಮಾಡ್ತೀರಿ?" ಎಂದು ಕೇಳಿದಾಗ ಪಕ್ಕದೂರಿನ ಇಸ್ಮಾನ್ ಎದ್ದು ನಿಂತು, "ಮೈದಾನಕ್ಕೆ ಎರಡು ಸುತ್ತು ಓಡಿಸಿ ನೋಡ್ತೀನಿ," ಎಂದ. ಕಾಲಿಪಾರ ಕೈಯಲ್ಲಿದ್ದ ಸೀಮೆಸುಣ್ಣ ಮುರಿಯಿತು.

ಬುರುಲ್ಚಾ ಬಾಗಿಲು ಒರೆಸಿದ್ದು ತನಗೊಬ್ಬನಿಗಾಗಿ ಅಲ್ಲವೆಂದು ತೊಲುಬಾಯ್‌ಗೆ ಆಗ ಹೊಳೆಯಿತು.

"ನಿಂಗೂ ಹೇಳಿದ್ಲಾ?" ಚಹಾದ ಹೊತ್ತಿಗೆ ಇಸ್ಮಾನ್‌ನನ್ನು ಮೂಲೆಗೆ ಎಳೆದು ಕೇಳಿದ.

"ಏನನ್ನ? ನಂಗೆ ಈ ವಿದ್ಯೆ ನಿಜವಾಗ್ಲೂ ಹತ್ತಲ್ಲ ಬಾಯ್ಕೆ."

"ಸುಳ್ಳು ಬೇಡ. ಹೋದ ವರ್ಷ ನಿನ್ನ ಮಗನ ಕಾಲಿಗೆ ನೀನೇ ಎಷ್ಟು ಚಂದ ಪಟ್ಟಿ ಕಟ್ಟಿದ್ದೆ!"

"ಅವನ ಕಾಲು ಮುರಿದಿತ್ತು, ಕಟ್ದೆ. ಇಲ್ಲಿ ಯಾರದ್ದು ಮುರಿದಿದೆ?" ಎಂದು ಇಸ್ಮಾನ್ ಬಾಯಿಗೆ ಎಣ್ಣೆಯಲ್ಲಿ ಕರಿದ ಇನ್ನೊಂದು ಬೋರ್ಸೋಕ್ ಹಾಕಿಕೊಂಡ.

ತೊಲುಬಾಯ್ ಹಿಂದೆ ಬೀಳಲಿಲ್ಲ. ಕೈಗೆ ಜೋಲಿ ಕಟ್ಟಿ ಎಂದಾಗ ರೋಗಿಯಾಗಿ ಕೂತಿದ್ದವಳ ಎರಡೂ ಕೈಗಳನ್ನೂ ಕುರ್ಚಿಯನ್ನೂ ಸೇರಿಸಿ ಹುಲ್ಲುಹೊರೆಯಂತೆ ಬಿಗಿದ. ಬಿಡಿಸಲು ಕತ್ತರಿ ತರಬೇಕಾಯಿತು. ಕಾಲಿಪಾ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಉದ್ದಕ್ಕೆ ಏನೋ ಬರೆದುಕೊಂಡರು. ಆತನಿಗೆ ಸಮಾಧಾನವಾಯಿತು.

ಮಧ್ಯಾಹ್ನ ಪರೀಕ್ಷೆ. ಕುಸ್ತಿ ಶಾಲೆಯ ಆರು ಮಕ್ಕಳಿಗೆ ಒಂದೊಂದು ಚಾಕೊಲೇಟು, ಒಂದೊಂದು ಚೀಟಿ ಕೊಟ್ಟಿದ್ದರು. ಚೀಟಿಯಲ್ಲಿರುವ ನೋವನ್ನು ಮಗು ನಟಿಸಬೇಕು, ಡಾಕ್ಟರು ಕಂಡುಹಿಡಿಯಬೇಕು. ತೊಲುಬಾಯ್ ಪಾಲಿಗೆ ಬಂದವಳು ಹನ್ನೊಂದು ವರ್ಷದ ಬೆರ್ಮೆತ್. ಅವಳು ಮಂಡಿ ಹಿಡಿದುಕೊಂಡು ಇಡೀ ಕೋಣೆಗೆ ಕೇಳುವಂತೆ ನರಳಿದಳು. ಆದರೆ ಮಂಚ ಹತ್ತುವಾಗ ಬಲಗೈ ಊರಲಿಲ್ಲ.

ತೊಲುಬಾಯ್ ಅವಳ ಬಲ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಮೆಲ್ಲಗೆ ಒತ್ತಿದ. ನರಳಾಟ ಥಟ್ಟನೆ ನಿಂತಿತು. ಆ ಮೌನ ಅವನಿಗೆ ಗೊತ್ತಿತ್ತು. ಕಿರುಚುವ ಮಕ್ಕಳಿಗೆ ಅವನು ಹೆದರುತ್ತಿರಲಿಲ್ಲ, ಸುಮ್ಮನಾಗುವವರಿಗೆ ಹೆದರುತ್ತಿದ್ದ.

"ಯಾರಿಗೂ ಹೇಳ್ಬೇಡಿ ಡಾಕ್ಟ್ರೇ," ಎಂದು ಬೆರ್ಮೆತ್ ಪಿಸುಗುಟ್ಟಿದಳು. "ಭಾನುವಾರ ಫೈನಲ್ ಇದೆ. ಕೋಚ್‌ಗೂ ಹೇಳಿಲ್ಲ, ಅಮ್ಮಂಗೂ ಹೇಳಿಲ್ಲ."

"ಎಷ್ಟು ದಿನ ಆಯ್ತು ಮಗಳೇ?"

"ಆರು."

ಏನೂ ಇಲ್ಲ, ಹೋಗು ಎಂದರೆ ಮುಗಿಯಿತು. ಹುಡುಗಿಗೂ ಖುಷಿ, ಅವನಿಗೂ ನದಿ. ಆಚೆ ಮಂಚದಿಂದ ಇಸ್ಮಾನ್, "ಮಂಡಿಗೆ ಕೆಮ್ಮಿನ ಔಷಧಿ ಬರ್ಕೊಡಿ ಬಾಯ್ಕೆ, ಸಾಕು," ಎಂದು ಕಣ್ಣು ಮಿಟುಕಿಸಿದ.

"ಎಕ್ಸ್‌ರೇ ಆಗ್ಬೇಕು," ಎಂದ ತೊಲುಬಾಯ್. ತಾನಂದುಕೊಂಡದ್ದಕ್ಕಿಂತ ದನಿ ಜೋರಾಗಿತ್ತು.

"ಮಂಡಿಗಾ?" ಎಂದರು ಕಾಲಿಪಾ.

"ಕೈಗೆ."

ಕೋಣೆಯೆಲ್ಲ ನಕ್ಕಿತು. "ಚೀಟೀಲಿ ಮಂಡಿ ಅಂತಿದೆಯಲ್ರೀ!" ಎಂದು ಕಾಲಿಪಾ ತಿದ್ದಿದರು.

"ಚೀಟೀಲಿ ಏನಾದ್ರೂ ಇರ್ಲಿ ಎಜೆ. ದೊಡ್ಡೋರಾಗಿದ್ರೆ ಉಳುಕು ಅಂತಿದ್ದೆ. ಇವಳಿಗೆ ಎಲುಬು ಬೆಳೆಯೋ ಜಾಗಕ್ಕೇ ಪೆಟ್ಟು ಬಿದ್ದ ಹಾಗಿದೆ. ಹೀಗೇ ಬಿಟ್ರೆ ಕೈ ಸೊಟ್ಟ ಬೆಳೆದೀತು."

"ಹೇಳ್ಬೇಡಿ ಅಂದಿದ್ನಲ್ಲ!" ಎಂದು ಬೆರ್ಮೆತ್ ಅಳುತ್ತ ಎಡಗೈಯಿಂದ ಅವನ ಹೊಟ್ಟೆಗೆ ಗುದ್ದಿದಳು. ಫೈನಲ್‌ಗೆ ಬಂದವಳ ಗುದ್ದು. ತೊಲುಬಾಯ್ ಮಂಚ ಹಿಡಿದುಕೊಂಡು ಕೂತ.

ಅರ್ಧ ಗಂಟೆಯಲ್ಲಿ ಎಕ್ಸ್‌ರೇ ಬಂತು. ಕಾಲಿಪಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು, ತೊಲುಬಾಯ್‌ನನ್ನು ನೋಡಿದರು, ಪುಸ್ತಕದಲ್ಲಿ ಬರೆದಿದ್ದ ಉದ್ದನೆಯ ಸಾಲನ್ನು ಹೊಡೆದುಹಾಕಿದರು. ಜಗಳಕ್ಕೆಂದೇ ಬಂದ ಕೋಚ್ ಎಕ್ಸ್‌ರೇ ಕಂಡು ಬೆಂಚಿನ ಮೇಲೆ ಕುಸಿದ. "ಆರು ದಿನದಿಂದ ಇವಳನ್ನ ದಿನಾ ಎತ್ತಿ ಹಾಕ್ತಿದ್ದೋನು ನಾನೇ," ಎಂದ. ಆಮೇಲೆ ಪ್ಲಾಸ್ಟರ್ ಹಾಕಿ ಮುಗಿಯುವವರೆಗೂ ಅವಳ ಚೀಲ ಹಿಡಿದುಕೊಂಡು ನಿಂತಿದ್ದ.

ಸಂಜೆ ದೊಡ್ಡ ಡಾಕ್ಟರು ಚೊತ್ಬಾಯ್ ಎಲ್ಲರನ್ನೂ ಕರೆಸಿದರು. "ಆರು ಜನರಲ್ಲಿ ಪಾಸಾದೋರು ಒಬ್ಬರೇ. ನಮ್ಮ ತೊಲುಬಾಯ್!"

ಜೋರಾಗಿ ಚಪ್ಪಾಳೆ ತಟ್ಟಿದವರು ಫೇಲಾದ ಐವರು.

"ಆದ್ರೆ ಪಂದ್ಯಕ್ಕೆ ಒಬ್ಬರನ್ನೇ ಕಳಿಸೋ ಹಾಗಿಲ್ಲ, ಇಬ್ಬರಾದ್ರೂ ಬೇಕು. ಹಾಗಾಗಿ ಭಾನುವಾರದ ಡ್ಯೂಟಿ ಸದ್ಯಕ್ಕಿಲ್ಲ."

ತೊಲುಬಾಯ್‌ಗೆ ಎದ್ದು ಅವರನ್ನು ತಬ್ಬಿಕೊಳ್ಳಬೇಕೆನಿಸಿತು.

"ಉಳಿದೋರು ಪಾಸಾಗೋವರೆಗೆ ಅವರಿಗೆ ತೊಲುಬಾಯ್ ಪಾಠ ಮಾಡ್ಲಿ. ಬೇರೆ ದಿನ ಆಸ್ಪತ್ರೆ ಬಿಡೋಕಾಗಲ್ಲ. ಪ್ರತಿ ಭಾನುವಾರ ಇಟ್ಕೊಳ್ಳಿ."

ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ತೊಲುಬಾಯ್ ಹಲಗೆಯ ಮೇಲೆ ಮಣಿಕಟ್ಟಿನ ಚಿತ್ರ ಬರೆದ. ಒಲೆ ಹದವಾಗಿ ಉರಿಯುತ್ತಿತ್ತು. ಕಾಲು ಗಂಟೆಯಲ್ಲಿ ನಾಲ್ವರು ಗೊರಕೆ ಹೊಡೆಯುತ್ತಿದ್ದರು. ಇವರೆಲ್ಲ ಬೇಗ ಪಾಸಾದರೆ ಭಾನುವಾರದ ಡ್ಯೂಟಿ ಆರು ಜನಕ್ಕೆ ಹಂಚಿಹೋಗಿ ತನಗೆ ನದಿ ಸಿಕ್ಕೀತೆಂದು ಆತ ದನಿ ಏರಿಸಿದ. ಬೂಟು ಬಿಚ್ಚಿ ಕಾಲು ಚಾಚಿಕೊಂಡಿದ್ದ ಇಸ್ಮಾನ್ ಒಂದು ಕಣ್ಣು ತೆರೆದ.

"ಮೆಲ್ಲಗೆ ಹೇಳಿ ಬಾಯ್ಕೆ, ಅವಸರ ಏನಿದೆ? ನಮಗಂತೂ ಈ ವರ್ಷ ಪಾಸಾಗೋ ಯೋಚನೆ ಇಲ್ಲ."