ಬೂದು ಪ್ಯಾಂಟಿನ ಕೊಕ್ಕೆ

ಬಟ್ಟೆ ಹೊಲಿಯುವವಳನ್ನು ಮದುವೆಯಾದ ಗಂಡಸು ತನ್ನ ಸೊಂಟದ ಸುತ್ತಳತೆಯನ್ನು ಗುಟ್ಟಾಗಿಡಲಾರ. ನಮ್ಮವರದು ನನಗೆ ಗೊತ್ತು, ನನ್ನ ಟೇಪಿಗೆ ಗೊತ್ತು. ಆ ವಿಷಯ ನಮ್ಮಿಬ್ಬರಲ್ಲೇ, ಅಂದರೆ ನನ್ನಲ್ಲೂ ಟೇಪಿನಲ್ಲೂ, ಉಳಿದಿದ್ದರೆ ನಮ್ಮ ಮನೆಯಲ್ಲಿ ಶನಿವಾರ, ಭಾನುವಾರಗಳು ಇವತ್ತಿಗೂ ಎಂಟು ಗಂಟೆಗೇ ಬೆಳಗಾಗುತ್ತಿದ್ದವು.

ಬಾಯಿ ಬಿಟ್ಟದ್ದು ನಾನೇ. ಆರು ತಿಂಗಳ ಹಿಂದೆ ಅವರು ನಮ್ಮ ಮದುವೆಯ ದಿನ ತೊಟ್ಟಿದ್ದ ಬೂದು ಬಣ್ಣದ ಪ್ಯಾಂಟನ್ನು ಪೆಟ್ಟಿಗೆಯಿಂದ ತೆಗೆದು ಹಾಕಿಕೊಳ್ಳಲು ಹೋದರು. ಸೊಂಟಪಟ್ಟಿಯ ಕೊಕ್ಕೆಗೂ ಅದು ಸೇರಬೇಕಾದ ಕುಣಿಕೆಗೂ ನಡುವೆ ಎರಡು ಬೆರಳಿನ ಅಂತರ. ಬಟ್ಟೆ ಕುಗ್ಗಿದೆ ಎಂದರು. ಮೂರು ವರ್ಷದಿಂದ ನೀರಿನ ಮುಖ ನೋಡದ ಬಟ್ಟೆ ಕುಗ್ಗುವುದು ಹೇಗೆ ಎಂದೆ. (ಅದು ನಾನು ಹೊಲಿದ ಪ್ಯಾಂಟು. ವೃತ್ತಿಗೌರವದ ಪ್ರಶ್ನೆ ಬಂದಾಗ ಸಂಸಾರದ ಹಿತ ನನಗೆ ಹೊಳೆಯುವುದಿಲ್ಲ.) ಅಷ್ಟಕ್ಕೇ ನಿಲ್ಲಿಸದೆ ಅಳತೆಯನ್ನೂ ಹೇಳಿದೆ. ಅವರು ಪ್ಯಾಂಟು ಬಿಚ್ಚಿ ಮಡಿಸಿಟ್ಟರು. ಮರುದಿನ ಸಂಜೆ ಒಂದು ಚಾಪೆ ಮತ್ತು ಹಳದಿ ಲೇಸಿನ ಒಂದು ಜೊತೆ ಬೂಟಿನೊಂದಿಗೆ ಮನೆಗೆ ಬಂದರು.

ಹೀಗೆ ಆರಂಭವಾಯಿತು ಅವರ ಕಾಯಶುದ್ಧಿ ಮಹಾಭಿಯಾನ. ಶನಿವಾರ ಬೆಳಿಗ್ಗೆ ಯೋಗ, ಸಂಜೆ ನಡಿಗೆ, ಭಾನುವಾರ ಓಟ. ಓಟ ಮುಗಿಸಿ ಬಂದು, ಸ್ನಾನ ಮಾಡಿ, ನಡುಮನೆಯಲ್ಲಿ ನಿಂತು ಬೂದು ಪ್ಯಾಂಟು ತೊಡುವುದು ಆ ಅಭಿಯಾನದ ಮಂಗಳಾರತಿ. ಟೇಪಿನಿಂದ ಅಳೆಯುತ್ತೇನೆಂದರೆ ಒಪ್ಪಲಿಲ್ಲ. "ಟೇಪು ನಿನ್ನ ಕಡೆ ಸಾಕ್ಷಿ. ನನಗೆ ಪ್ಯಾಂಟೇ ಪ್ರಮಾಣ" ಎಂದರು.

ನಗಬೇಡಿ. ನಾನೂ ಮೊದಲು ನಕ್ಕೆ, ಆಮೇಲೆ ನಿಲ್ಲಿಸಿದೆ. ನಮ್ಮವರು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವವರು. ವಾರದಲ್ಲಿ ಐದು ದಿನ ಸ್ಟೂಲಿನ ಮೇಲೆ ಕೂತು ಊರಿಗೆಲ್ಲ ದೃಷ್ಟಿ ಕೊಟ್ಟು, ಮನೆಗೆ ಬರುವಾಗ ಎದುರಿಗಿರುವ ಹೆಂಡತಿಯೂ ಕಾಣದಷ್ಟು ದಣಿದಿರುತ್ತಿದ್ದರು. ಊಟ, 'ಹೂಂ', ನಿದ್ದೆ. ಅಂಥವರು ನಡಿಗೆ ಮುಗಿಸಿ ಬಂದ ಸಂಜೆಗಳಲ್ಲಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಮಾತಾಡತೊಡಗಿದರು. ಮೂಲೆಮನೆಯ ಗೋಡೆಗೆ ಹಸಿರು ಬಣ್ಣ ಬಳಿಯುತ್ತಿದ್ದಾರಂತೆ. ಸೇತುವೆಯ ಕೆಳಗೆ ಒಂದು ಹಕ್ಕಿ ಪ್ರತಿ ಸಲವೂ ಅದೇ ಕಲ್ಲಿನ ಮೇಲೆ ಕೂರುತ್ತದಂತೆ. ನಾನು ಒಗ್ಗರಣೆ ಸೀದುಹೋಗುವವರೆಗೂ ಕೇಳುತ್ತಿದ್ದೆ. ಮದುವೆಯಾಗಿ ಮೂರು ವರ್ಷಕ್ಕೆ ನನ್ನ ಗಂಡನ ದನಿ ಹೇಗಿದೆ ಎಂದು ತಿಳಿಯಿತು.

ಆದರೆ ಕೊಕ್ಕೆ ಮಾತ್ರ ಕುಣಿಕೆಯನ್ನು ಮುಟ್ಟಲಿಲ್ಲ. ಎರಡನೆಯ ಭಾನುವಾರ ಅವರು ಪ್ಯಾಂಟು ಬಿಚ್ಚಿ, ಮಡಿಸಿ, ಮಂಚದ ಅಂಚಿನಲ್ಲಿ ಕೂತು ಖಾಲಿ ಬೂಟಿನ ಲೇಸನ್ನು ಬಿಚ್ಚಿ ಕಟ್ಟಿ ಮಾಡುತ್ತಿದ್ದುದನ್ನು ನೋಡಿದೆ. ನೋಡಲಾಗಲಿಲ್ಲ. ಹೊಲಿಯುವವರು ಪ್ಯಾಂಟಿನ ಹಿಂಭಾಗದ ಹೊಲಿಗೆಯೊಳಗೆ ನಾಳೆಯ ಹೊಟ್ಟೆಗೆಂದು ಒಂದಿಷ್ಟು ಬಟ್ಟೆ ಬಿಟ್ಟೇ ಇರುತ್ತಾರೆ. ಶುಕ್ರವಾರ ಅವರು ಅಂಗಡಿಗೆ ಹೋದ ಮೇಲೆ ಅದನ್ನು ಬಿಚ್ಚಿ ಅರ್ಧ ಇಂಚು ಸಡಿಲ ಮಾಡಿದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ, ಕೆಲಸ ಮುಗಿಯುವವರೆಗೂ ಬಾಗಿಲ ಕಡೆ ನೋಡಲಿಲ್ಲ.

ಭಾನುವಾರ ಬಂತು. ಅಂತರ ಅಷ್ಟೇ ಇತ್ತು.

ಮುಂದಿನ ಶುಕ್ರವಾರ ಇನ್ನೂ ಅರ್ಧ ಇಂಚು ಬಿಟ್ಟೆ. ಅಂತರ ಅಷ್ಟೇ. ಅದರ ಮುಂದಿನ ವಾರ ಮತ್ತರ್ಧ. ಒಟ್ಟು ಒಂದೂವರೆ ಇಂಚು ಪ್ಯಾಂಟು ಹಿಗ್ಗಿದೆ, ಕೊಕ್ಕೆ ಇದ್ದಲ್ಲೇ ಇದೆ. ಲೆಕ್ಕ ಒಂದೇ ತಾನೆ: ಯೋಗ ಮಾಡಿ, ನಡೆದು, ಓಡಿ, ಮನುಷ್ಯ ವಾರಕ್ಕೆ ಅರ್ಧ ಇಂಚಿನಂತೆ ಊದುತ್ತಿದ್ದಾನೆ. ಇದು ಪ್ರಕೃತಿನಿಯಮಕ್ಕೆ ವಿರುದ್ಧ. ನನಗೆ ಚಿಂತೆಗಿಂತ ಕುತೂಹಲ ಹೆಚ್ಚಾಯಿತು. ಆ ಬೂಟುಗಳು ನಿಜವಾಗಿ ಎಲ್ಲಿಗೆ ಹೋಗುತ್ತಿವೆ? ದಾರಿಯಲ್ಲಿ ಎಷ್ಟು ಬೇಕರಿಗಳಿವೆ? ಎಣಿಸಿದೆ, ನಾಲ್ಕು.

ಅಷ್ಟರಲ್ಲಿ ಅವರು ಊಟ ಮಾಡುತ್ತ, ತಟ್ಟೆಯನ್ನೇ ನೋಡುತ್ತ ಹೇಳಿದರು: "ಈ ಭಾನುವಾರ ಒಂದು ನೋಡ್ತೀನಿ. ಕೊಕ್ಕೆ ಬೀಳಲಿಲ್ಲ ಅಂದ್ರೆ ಬೂಟು ಯಾರಿಗಾದ್ರೂ ಕೊಟ್ಟುಬಿಡು. ನನ್ನಿಂದ ಆಗೋ ಕೆಲಸ ಅಲ್ಲ ಇದು." ಆ ದನಿ ಹಳೆಯದು. ಅದರ ಹಿಂದೆ ಊಟ, 'ಹೂಂ', ನಿದ್ದೆ ಸಾಲಾಗಿ ನಿಂತಿದ್ದವು.

ನಾನೂ ಜೊತೆಗೆ ಬರುತ್ತೇನೆ ಎಂದೆ. ಅವರು ಸಂಶಯದಿಂದ ನೋಡಿದರು. ಶನಿವಾರ ಬೆಳಿಗ್ಗೆ ನಾನು ಹೊಲಿದ ಬಟ್ಟೆಗಳನ್ನು ಮನೆಮನೆಗೆ ತಲುಪಿಸುವ ಹೊತ್ತು. ಅದನ್ನು ತಪ್ಪಿಸಿದ್ದು ಇದೇ ಮೊದಲು. ಎದುರಿಗೆ ಊಟಕ್ಕೆ ಕೂತಿದ್ದ ಅತ್ತೆಯೂ ತಲೆಯೆತ್ತಿ ನನ್ನನ್ನು ನೋಡಿ, ಮತ್ತೆ ಅನ್ನ ಕಲಸಿದರು.

ಯೋಗದ ಮೇಷ್ಟರು ನನ್ನನ್ನು ಮೊದಲ ಸಾಲಿನಲ್ಲಿ ಕೂರಿಸಿದರು. ಮರದ ಭಂಗಿಯಲ್ಲಿ ಒಂಟಿಕಾಲಿನಲ್ಲಿ ನಿಲ್ಲಬೇಕಂತೆ. ನಾನು ಗಂಡನ ಮೇಲೆ ಒಂದು ಕಣ್ಣಿಟ್ಟಿದ್ದರಿಂದ ಬುಡಸಮೇತ ಪಕ್ಕದವರ ಮೇಲೆ ಉರುಳಿದೆ. ನಮ್ಮವರು ಮಾತ್ರ ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿದ್ದರೂ ಅಲುಗಾಡಲಿಲ್ಲ. ಸಂಜೆಯ ನಡಿಗೆಯಲ್ಲಿ ನಾಲ್ಕು ಬೇಕರಿಗಳೂ ಬಂದವು. ಒಂದರ ಮುಂದೆ ನಾನೇ ನಿಧಾನಿಸಿದೆ (ತನಿಖೆಗೆಂದು), ಅವರು ತಿರುಗಿಯೂ ನೋಡಲಿಲ್ಲ. ಹಸಿರು ಗೋಡೆ ತೋರಿಸಿದರು. ಹಕ್ಕಿಯನ್ನೂ ತೋರಿಸಿದರು, ಅದು ನಿಜಕ್ಕೂ ಆ ಕಲ್ಲಿನ ಮೇಲೇ ಇತ್ತು. ಮನುಷ್ಯ ಒಂದು ಎಳೆಯಷ್ಟೂ ಮೋಸ ಮಾಡುತ್ತಿರಲಿಲ್ಲ. ಈ ಮನೆಯಲ್ಲಿ ಮೋಸ ಮಾಡುತ್ತಿರುವವಳು ನಾನೊಬ್ಬಳೇ ಎಂದು ನಾಚಿಕೆಯಾಯಿತು.

ಆ ನಾಚಿಕೆ ಮನೆ ತಲುಪುವವರೆಗೆ ಮಾತ್ರ ಇತ್ತು. ಅವರು ಕಾಲು ತೊಳೆಯಲು ಹೋದಾಗ ಪ್ಯಾಂಟನ್ನು ಕಿಟಕಿಯ ಬೆಳಕಿಗೆ ತಂದು ಒಳಹೊರಗು ತಿರುಗಿಸಿದೆ. ಹಿಂದಿನ ಹೊಲಿಗೆ ನನ್ನದೇ, ಬಿಟ್ಟಂತೆಯೇ ಇದೆ. ಆದರೆ ಎರಡೂ ಪಕ್ಕದಲ್ಲಿ, ನಾನು ಮುಟ್ಟಿಯೇ ಇರದ ಕಡೆ, ಬಟ್ಟೆಯನ್ನು ಒಳಕ್ಕೆ ಹಿಡಿದು ಕೈಯಲ್ಲಿ ಹೊಲಿದಿದ್ದಾರೆ. ಇರುವೆಸಾಲಿನಂಥ ಪುಟ್ಟ ಹೊಲಿಗೆ, ಕೊನೆಗೆ ಗಂಟಿಲ್ಲ, ಬದಲಿಗೆ ಒಂದರ ಮೇಲೊಂದು ಮೂರು ಹೊಲಿಗೆ. ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಮೂವತ್ತು ವರ್ಷ ಹರಿದ ಹೊದಿಕೆಗಳನ್ನು ಹೊಲಿದು ನಿವೃತ್ತರಾದ ಒಬ್ಬರನ್ನು ಬಿಟ್ಟರೆ ಹೀಗೆ ಹೊಲಿಯುವವರು ನನಗೆ ಗೊತ್ತಿಲ್ಲ. ಅವರು ಆಗ ಅಡುಗೆಮನೆಯಲ್ಲಿ ಹಾಲು ಕಾಯಿಸುತ್ತಿದ್ದರು.

ಪ್ಯಾಂಟನ್ನು ತೋರಿಸಿದೆ. ಅತ್ತೆ ಉರಿ ಸಣ್ಣಗೆ ಮಾಡಿ, ಹಾಲಿನಿಂದ ಕಣ್ಣು ತೆಗೆಯದೆ ಹೇಳಿದರು: "ನಾನೇ ಕಣಮ್ಮ. ಶುಕ್ರವಾರ ನೀನು ಬಿಡ್ತೀಯ, ಶನಿವಾರ ನೀನು ಆಚೆ ಹೋದ್ಮೇಲೆ ನಾನು ಹಿಡೀತೀನಿ."

"ಯಾಕತ್ತೆ?"

"ಕೊಕ್ಕೆ ಬಿತ್ತು ಅಂದ್ರೆ ಗೆದ್ದೆ ಅಂತ ಕೂತುಬಿಡ್ತಾನೆ. ಅವನನ್ನ ನಾನು ಹೆತ್ತಿದೀನಿ. ಈಜು ಕಲೀತೀನಿ ಅಂತ ಒಂದು ತಿಂಗಳು ಪ್ರಾಣ ತಿಂದ. ಒಂದು ಸಲ ತೇಲಿದ. ಇವತ್ತಿನ ತನಕ ಮತ್ತೆ ನೀರಿಗಿಳಿದಿಲ್ಲ."

ಕೊಕ್ಕೆ ಬೀಳದಿದ್ದರೆ ಬೂಟು ದಾನವಾಗುತ್ತದೆ ಎಂದು ನೆನಪಿಸಿದೆ. ಅತ್ತೆ ಯೋಚಿಸಿದರು. ಹಾಲು ಉಕ್ಕುವ ಮೊದಲು ನಮ್ಮ ನಡುವೆ ಒಂದು ಐತಿಹಾಸಿಕ ಒಪ್ಪಂದವಾಯಿತು. ಅತ್ತೆ ಹಿಡಿದದ್ದನ್ನು ಬಿಚ್ಚಿ, ನಾನು ಬಿಟ್ಟದ್ದನ್ನು ಹಿಡಿದು, ಪ್ಯಾಂಟನ್ನು ಮದುವೆಯ ದಿನದ ಅಳತೆಗೆ ತರುವುದು. ಮತ್ತೆ ಯಾರೂ ಸೂಜಿ ಮುಟ್ಟುವಂತಿಲ್ಲ. ಮುಂದಿನದು ಅವರ ಹೊಟ್ಟೆಯ ಪ್ರಾಮಾಣಿಕತೆಗೆ ಬಿಟ್ಟದ್ದು. ಕೆಲಸ ನನಗೆ ಬಂತು. ಊಟಕ್ಕೆ ಮೊದಲೇ ಮುಗಿಸಿದೆ. ನಿಮ್ಮಲ್ಲಿ ಮುಚ್ಚಿಡುವುದೇಕೆ, ಮದುವೆಯ ದಿನದ ಅಳತೆಗೆ ಒಂದೂವರೆ ಇಂಚು ಮೇಲೇ ಇಟ್ಟೆ. ಮರುದಿನ ಮಂಚದ ಅಂಚಿನಲ್ಲಿ ಕೂರುವವರನ್ನು ನೋಡಬೇಕಾದವಳು ನಾನು ತಾನೆ.

ಭಾನುವಾರದ ಓಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡನೆಯ ತಿರುವಿನಲ್ಲಿ ನನ್ನ ಉಸಿರು ನನ್ನನ್ನು ಬಿಟ್ಟು ಮುಂದೆ ಹೋಯಿತು. ಊರುಗೋಲು ಹಿಡಿದ ಒಬ್ಬ ಅಜ್ಜಿ ನನ್ನನ್ನು ದಾಟಿದರು, ದಾಟುವಾಗ ಧೈರ್ಯವನ್ನೂ ಹೇಳಿದರು. ನಮ್ಮವರು ಮುಂದೆ ಓಡುವುದು, ತಿರುಗಿ ನೋಡುವುದು, ನನಗಾಗಿ ವಾಪಸ್ಸು ಓಡಿಬರುವುದು, ಒಂದು ಸುತ್ತು ಹಾಕಿ ಮತ್ತೆ ಹೊರಡುವುದು. ಕರುವನ್ನು ಬಿಟ್ಟು ಹೋಗಲಾರದ ಹಸುವಿನ ಹಾಗೆ. ಅಷ್ಟು ಹಗುರವಾಗಿ ಓಡುವ ಮನುಷ್ಯ ನಮ್ಮ ಮನೆಯಲ್ಲೇ ಇದ್ದಾರೆ ಎಂಬುದು ನನಗೆ ಗೊತ್ತಿರಲಿಲ್ಲ.

ಸ್ನಾನವಾಯಿತು. ನಡುಮನೆಯಲ್ಲಿ ಅತ್ತೆ ಅವರೆಕಾಳು ಬಿಡಿಸುತ್ತ ಕೂತಿದ್ದರು. ನಾನು ಗೋಡೆಗೆ ಒರಗಿ, ಕಾಲು ಚಾಚಿ, ನಿಶ್ಚೇಷ್ಟಿತಳಾಗಿದ್ದೆ. ಅವರು ಬೂದು ಪ್ಯಾಂಟು ತೊಟ್ಟು, ಕಣ್ಣು ಮುಚ್ಚಿ, ಉಸಿರು ಹಿಡಿದು ಕೊಕ್ಕೆ ಎಳೆದರು. ಅದು ಬಿತ್ತು. ಅವರು ಉಸಿರು ಬಿಟ್ಟರು. ನಂಬಲಾಗದೆ ಎರಡೂ ಕೈಗಳನ್ನು ಮೇಲೆತ್ತಿದರು. ಪ್ಯಾಂಟು ಸರ್ರನೆ ಜಾರಿ ಮೊಣಕಾಲಿಗೆ ಬಂದು ನಿಂತಿತು.

ನಾನು ಇಟ್ಟ ಒಂದೂವರೆ ಇಂಚಿಗೆ ಅದು ಅಷ್ಟು ಇಳಿಯಬಾರದು. ಅತ್ತೆಯ ಕಡೆ ನೋಡಿದೆ. ಅವರು ಅದೇ ಒಂದು ಕಾಯಿಯನ್ನು ಮೂರನೆಯ ಸಲ ಬಿಡಿಸುತ್ತಿದ್ದರು. ನಾವು ಓಡಲು ಹೋದಾಗ ಹೆತ್ತ ಕರುಳು ಪಕ್ಕದ ಹೊಲಿಗೆಗಳಿಗೆ ಕೈ ಹಾಕಿತ್ತು. ಸಡಿಲ ಮಾಡಿದ್ದು ಎರಡು ಇಂಚಿಗೆ ಕಡಿಮೆಯಿಲ್ಲ.

ನಮ್ಮವರು ಪ್ಯಾಂಟನ್ನು ಎರಡು ಕೈಯಲ್ಲಿ ಎತ್ತಿ ಹಿಡಿದುಕೊಂಡು ನನ್ನ ಮುಂದೆ ಕುಕ್ಕರಿಸಿದರು. ಅವರ ಮುಖವನ್ನು ನೀವು ನೋಡಬೇಕಿತ್ತು. "ನಾನೊಬ್ಬನೇ ಇಷ್ಟು ವಾರ ಓಡಿದೆ, ಒಂದು ನೂಲು ಅಲ್ಲಾಡಲಿಲ್ಲ. ನೀನು ಒಂದೇ ಒಂದು ವಾರ ಬಂದೆ. ನೋಡು" ಎಂದರು. ಆಮೇಲೆ ಕಾರಣವನ್ನೂ ಕಂಡುಹಿಡಿದರು: ನನಗಾಗಿ ಹಿಂದಕ್ಕೂ ಮುಂದಕ್ಕೂ ಓಡಿದ್ದರಿಂದ ಓಟ ಮೂರು ಪಟ್ಟಾಗಿದೆ. ನಾನಿಲ್ಲದೆ ಓಡುವುದು ಇನ್ನು ವ್ಯರ್ಥ. ಆದ್ದರಿಂದ ಮುಂದಿನ ಶನಿವಾರದಿಂದ ಯೋಗ, ನಡಿಗೆ, ಓಟ, ಮೂರಕ್ಕೂ ನಾನು ಬರತಕ್ಕದ್ದು.

ನಿಜ ಹೇಳಿದರೆ ಆ ಮುಖ ಹೋಗುತ್ತದೆ. ಹೇಳದಿದ್ದರೆ ನನ್ನ ಕಾಲು ಹೋಗುತ್ತದೆ. ಕಾಪಾಡಿ ಎನ್ನುವಂತೆ ಅತ್ತೆಯನ್ನು ನೋಡಿದೆ.

"ಅವನು ಹೇಳೋದ್ರಲ್ಲೂ ಅರ್ಥ ಇದೆ ಕಣಮ್ಮ" ಎಂದರು ಅತ್ತೆ, ತಲೆಯೆತ್ತದೆ.

"ನಿನಗೂ ಒಂದು ಪ್ರಮಾಣ ಬೇಕಲ್ಲ" ಎಂದರು ನಮ್ಮವರು ಉತ್ಸಾಹದಲ್ಲಿ. "ಮದುವೆಯಾದ ವರ್ಷ ನೀನೇ ಹೊಲ್ಕೊಂಡ ನೀಲಿ ಕೋಟು ಇದೆಯಲ್ಲ, ಗುಂಡಿ ಸೇರಲ್ಲ ಅಂತ ಒಳಗಿಟ್ಟಿದೀಯ. ಭಾನುವಾರ ಭಾನುವಾರ ಅದನ್ನ ಹಾಕಿ ನೋಡೋಣ."

ಅತ್ತೆ ಕಾಳಿನ ತಟ್ಟೆ ಪಕ್ಕಕ್ಕಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಎದ್ದರು. "ತೆಗೆದು ಕೊಡಮ್ಮ ಅದನ್ನ. ನನ್ನ ಕೋಣೇಲಿ ಜೋಪಾನವಾಗಿ ಇಟ್ಟಿರ್ತೀನಿ" ಎಂದರು.

ಕೊಟ್ಟೆ. ನಾಲ್ಕು ತಿಂಗಳಾಯಿತು. ಈಗ ಆ ಅಜ್ಜಿಯನ್ನು ನಾನೇ ದಾಟುತ್ತೇನೆ, ಮರದ ಭಂಗಿಯಲ್ಲಿ ಬೀಳುವುದಿಲ್ಲ. ಗುಂಡಿ ಮಾತ್ರ ಇನ್ನೂ ಕಾಜವನ್ನು ಮುಟ್ಟಿಲ್ಲ.